ಬೆಲ್ಲ, ಉಪ್ಪು, ನೀರು: ಬಾಂಗ್ಲಾದ ಜನಸಂಖ್ಯೆಯ ಕಥೆ

ಜನಸಂಖ್ಯೆಯ ಮಾತು ಬಂದರೆ ಸಾಕು, ನಮ್ಮಲ್ಲಿ ಚರ್ಚೆ ಧರ್ಮದ ಕಡೆ ತಿರುಗಿಬಿಡುತ್ತದೆ. ಮುಸ್ಲಿಮರ ಮನೆಯಲ್ಲಿ ಮಕ್ಕಳು ಜಾಸ್ತಿ, ಅದಕ್ಕೆ ಅವರ ದೀನ್ ಕಾರಣ ಅಂತ ಟಿವಿಯಲ್ಲಿ ಕೂತವರು ತೀರ್ಪು ಕೊಡುತ್ತಾರೆ. ನಮ್ಮವರು ಸಿಟ್ಟಾಗುತ್ತಾರೆ, ಲೆಕ್ಕ ಇಟ್ಟು ಮಾತಾಡುವುದು ಕಡಿಮೆ. ಇಗೋ, ಲೆಕ್ಕ ಇಲ್ಲಿದೆ.

1961ರ ಜನಗಣತಿಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಸುಮಾರು 5 ಕೋಟಿ ಜನರಿದ್ದರು. ಪಶ್ಚಿಮ ಪಾಕಿಸ್ತಾನದಲ್ಲಿ ಇದ್ದದ್ದು ಸುಮಾರು 4.3 ಕೋಟಿ. ಈಗ ನೋಡಿ: 2023ರ ಗಣತಿಯಲ್ಲಿ ಪಾಕಿಸ್ತಾನ 24 ಕೋಟಿ ದಾಟಿದೆ, ಬಾಂಗ್ಲಾ 17 ಕೋಟಿಯ ಆಸುಪಾಸಿನಲ್ಲಿದೆ. ಎರಡೂ ಕಡೆ ಹೆಚ್ಚಿನವರು ಮುಸ್ಲಿಮರೇ. ಚಂಡಮಾರುತ, ಯುದ್ಧ ಬಾಂಗ್ಲಾವನ್ನು ಕಾಡಿದ್ದು ನಿಜ, ಆದರೆ ಈ ಅಂತರಕ್ಕೆ ಮುಖ್ಯ ಕಾರಣ ಅದಲ್ಲ. 1975ರ ಹೊತ್ತಿಗೆ ಅಲ್ಲಿ ಒಬ್ಬ ತಾಯಿಗೆ ಸರಾಸರಿ 6.3 ಮಕ್ಕಳು. 2022ರ ಸಮೀಕ್ಷೆಯಲ್ಲಿ 2.3. ಪಾಕಿಸ್ತಾನದಲ್ಲಿ 2017-18ರಲ್ಲೂ 3.6 ಇತ್ತು.

ಹೇಗಾಯಿತು ಇದು? ಮೊದಲು ಮಕ್ಕಳ ಸಾವು ನಿಲ್ಲಬೇಕಿತ್ತು. 1970ರ ದಶಕದ ಬಾಂಗ್ಲಾದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ಎಷ್ಟು ಉಳಿಯುತ್ತವೋ ಗೊತ್ತಿಲ್ಲದ ಉಮ್ಮನಿಗೆ ‘ಎರಡೇ ಸಾಕು’ ಅಂದರೆ ಕೇಳುತ್ತಾಳಾ?

ವಾಂತಿಭೇದಿಯೇ ದೊಡ್ಡ ಶತ್ರು. ಸಕ್ಕರೆ, ಉಪ್ಪು ಬೆರೆಸಿದ ನೀರು ಕುಡಿಸಿದರೆ ಕಾಲರಾ ರೋಗಿಯೂ ಬದುಕುತ್ತಾನೆ ಎಂದು 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದವರು ತೋರಿಸಿಕೊಟ್ಟಿದ್ದರು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅದನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಸಾವಿರಾರು ಜನರಿಗೆ ಕುಡಿಸಿದರು. ಆದರೆ ಹಳ್ಳಿಯ ಗುಡಿಸಲಿಗೆ ಅದು ತಲುಪುವುದು ಹೇಗೆ? 1980ರಿಂದ ಹತ್ತು ವರ್ಷ, ಫಝ್ಲೆ ಹಸನ್ ಆಬೆದ್ ಕಟ್ಟಿದ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋದರು. ಅರ್ಧ ಸೇರು ನೀರು, ಒಂದು ಹಿಡಿ ಬೆಲ್ಲ, ಮೂರು ಬೆರಳಲ್ಲಿ ಹಿಡಿಯುವಷ್ಟು ಉಪ್ಪು. ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಒಂದು ತಿಂಗಳು ಬಿಟ್ಟು ಬೇರೆಯವರು ಬಂದು ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ನೆನಪಿಟ್ಟಿದ್ದಾಳೋ ಅದರ ಮೇಲೆ ಕಲಿಸಿದವಳಿಗೆ ಸಂಬಳ!

ಕಲಿತರೂ ಬಹಳ ಮಂದಿ ಬಳಸಲಿಲ್ಲ. ಯಾಕೆ ಅಂತ ವಿಚಾರಿಸಿದರೆ, ಕಲಿಸುವ ಕೆಲವರಿಗೇ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ, ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ಗಂಡಸರನ್ನಂತೂ ಯಾರೂ ಕೇಳಿಯೇ ಇರಲಿಲ್ಲ. ಇವೆರಡನ್ನೂ ಸರಿಪಡಿಸಿದ ಮೇಲೆ ಕೆಲಸ ಸಾಗಿತು, 1.2 ಕೋಟಿಗೂ ಹೆಚ್ಚು ಮನೆ ತಲುಪಿತು. (ಈಗ ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಹತ್ತಿರವೇ ಸಿಗುತ್ತದೆ, ಅಳತೆಯೂ ಸರಿಯಿರುತ್ತದೆ, ಅದನ್ನೇ ಬಳಸಿ.) ಲಸಿಕೆಯೂ ಜೊತೆಗೂಡಿತು. 1993-94ರಲ್ಲಿ ಸಾವಿರಕ್ಕೆ 133 ಇದ್ದ ಐದು ವರ್ಷದೊಳಗಿನ ಮಕ್ಕಳ ಸಾವು 2022ಕ್ಕೆ 31.

ಎರಡನೆಯದು ಕುಟುಂಬ ಯೋಜನೆ. ಪರ್ದಾದಿಂದ ಹೊರಬಂದು ಆಸ್ಪತ್ರೆಗೆ ಹೋಗಲಾಗದ ಹೆಂಗಸರ ಅಂಗಳಕ್ಕೇ ಅದೇ ಊರಿನ ಓದಿದ ಹೆಣ್ಣುಮಕ್ಕಳನ್ನು ಸರಕಾರ ಕಳುಹಿಸಿತು. 1977ರಲ್ಲಿ ಮತ್ಲಬ್ ಎಂಬಲ್ಲಿ ಅರ್ಧ ಹಳ್ಳಿಗಳಿಗೆ ಈ ಸೇವೆ ಚೆನ್ನಾಗಿ ಕೊಟ್ಟು, ಉಳಿದರ್ಧವನ್ನು ಮಾಮೂಲಿ ಸರಕಾರಿ ವ್ಯವಸ್ಥೆಗೇ ಬಿಟ್ಟು ನೋಡಿದರು. ಅದೇ ಗದ್ದೆ, ಅದೇ ಮಸೀದಿ, ಅದೇ ನಂಬಿಕೆ. ಸೇವೆ ಸಿಕ್ಕಿದಲ್ಲಿ ಒಂದೆರಡು ವರ್ಷದಲ್ಲೇ ಗರ್ಭನಿರೋಧಕ ಬಳಸುವವರು ನೂರಕ್ಕೆ 30 ದಾಟಿದರು, ಉಳಿದಲ್ಲಿ ಹಿಂದೆಯೇ ಉಳಿದರು. ಬಾಂಗ್ಲಾ ಸರಕಾರ ಪೂರಾ ಸಾಚಾ ಅಂತಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿದ ಬಡವರಿಗೆ ದುಡ್ಡು, ಸೀರೆ, ಲುಂಗಿ ಕೊಟ್ಟದ್ದಕ್ಕೆ 1980ರ ದಶಕದಲ್ಲಿ ಸಾಕಷ್ಟು ಟೀಕೆ ಬಂದಿತ್ತು.

ನಮ್ಮ ದೇಶದ್ದೂ ಬೇರೆ ಕಥೆಯಲ್ಲ. ತುರ್ತು ಪರಿಸ್ಥಿತಿಯಲ್ಲಿ ಬಲವಂತ ಮಾಡಿ ಜನ ಆಸ್ಪತ್ರೆಗೇ ಹೆದರುವಂತಾಯಿತು. ಆಮೇಲೆ ಯಾವ ಕಾನೂನೂ ಇಲ್ಲದೆ, 1992-93ರಲ್ಲಿ 4.4 ಇದ್ದ ಭಾರತದ ಮುಸ್ಲಿಂ ತಾಯಂದಿರ ಸರಾಸರಿ 2019-21ಕ್ಕೆ 2.4ರ ಹತ್ತಿರ ಬಂತು. ಕೇರಳದ ಮುಸ್ಲಿಂ ತಾಯಂದಿರಿಗಿಂತ ಬಿಹಾರದ ಹಿಂದೂ ತಾಯಂದಿರಿಗೆ ಮಕ್ಕಳು ಹೆಚ್ಚು. ಶಾಲೆ, ಆಸ್ಪತ್ರೆ ಎಲ್ಲಿದೆ ಅಂತ ನೋಡಿದರೆ ಕಾರಣ ತಿಳಿಯುತ್ತದೆ, ಇದನ್ನು ಟಿವಿಯವರಿಗೆ ಯಾರು ಹೇಳಬೇಕು ಮಾರಾಯ್ರೇ.

ಆದರೆ ಬಾಂಗ್ಲಾದ ಆ 2.3, 2022ಕ್ಕೆ ಮುಂಚಿನ ಹತ್ತು ವರ್ಷ ಅಲ್ಲೇ ನಿಂತಿತ್ತು. ಅಲ್ಲಿನ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ 18 ತುಂಬುವ ಮೊದಲೇ ನಿಕಾಹ್ ಆಗಿದೆ. 2022ರ ಸಮೀಕ್ಷೆಯಲ್ಲಿ ಹೆರಿಗೆಗಳಲ್ಲಿ ನೂರಕ್ಕೆ 45 ಸಿಸೇರಿಯನ್ ಆಗಿದ್ದವು, ಹೆಚ್ಚಿನವು ಖಾಸಗಿ ಆಸ್ಪತ್ರೆಯಲ್ಲಿ. ಒಂದು ಕಾಲದಲ್ಲಿ ಬೆಲ್ಲದ ನೀರು ಹೊತ್ತು ಬಂದವಳಂತೆ, ಈ ಹುಡುಗಿಯರ ಬಾಗಿಲಿಗೆ ಈಗ ಯಾರೂ ಬರುತ್ತಿಲ್ಲ.