ಒಂದು ಭಾಗ ಕೆಟ್ಟರೆ ಯಂತ್ರವನ್ನೇ ಎಸೆಯಬೇಕೆ?



ನಮ್ಮ ಸಂಘದ ಕಚೇರಿಯ ಲ್ಯಾಪ್‌ಟಾಪು ಕಳೆದ ಮಳೆಗಾಲದಲ್ಲಿ ಕೈಕೊಟ್ಟ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಮೊದಲು ಪರದೆಯ ಮೇಲೆ ಅಲ್ಲಲ್ಲಿ ಸಣ್ಣ ಚೌಕಗಳು ಕಾಣಿಸಿಕೊಂಡವು. ಆಮೇಲೆ ಮಗ್ಗದ ಮೇಲಿನ ಹಾಸುನೂಲಿನಂತೆ ಮೇಲಿನಿಂದ ಕೆಳಕ್ಕೆ ಬಣ್ಣಬಣ್ಣದ ಗೆರೆಗಳು ಬಂದವು. ಕೊನೆಗೆ ಒಂದು ಸಂಜೆ ಪರದೆ ಪೂರಾ ಕಪ್ಪಾಯಿತು. ಒಳಗೆ ಫ್ಯಾನು ಮಾತ್ರ ತಿರುಗುತ್ತಿತ್ತು.

ಒಂದು ಯಂತ್ರ ಕೆಟ್ಟರೆ ಅದನ್ನು ಪತ್ರಿಕೆಯಲ್ಲಿ ಬರೆಯಬೇಕೆ ಎಂದು ಕೆಲವರು ಕೇಳಬಹುದು. ಆ ಯಂತ್ರದೊಳಗೆ ಏನಿತ್ತೆಂಬುದನ್ನು ನೆನಪಿಸಿಕೊಂಡರೆ ಈ ಪ್ರಶ್ನೆ ಉಳಿಯುವುದಿಲ್ಲ. ಸದಸ್ಯರ ಪಟ್ಟಿ ಇತ್ತು, ವಂತಿಗೆಯ ಲೆಕ್ಕವಿತ್ತು, ಸಂಬಳ ಬಾಕಿಗಾಗಿ ಹೋಟೆಲು ಹುಡುಗರು ಕೊಟ್ಟ ದೂರುಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, 1982ರ ಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿದ ಗಿರಣಿಗಳ ಹಿರಿಯ ಕಾಮಗಾರರು ಮ್ಹಾಡಾ ಮನೆಯ ಅರ್ಜಿಗಾಗಿ ತಂದುಕೊಟ್ಟ ಕಾಗದಗಳ ನಕಲುಗಳಿದ್ದವು. ಹಾಜರಿ ಕಾರ್ಡು, ಪ್ರಾವಿಡೆಂಟ್ ಫಂಡಿನ ಚೀಟಿ, ವಿಮೆಯ ಕಾರ್ಡು ಇವೇ ಅವರು ಗಿರಣಿಯಲ್ಲಿ ದುಡಿದರೆಂಬುದಕ್ಕೆ ಸಾಕ್ಷಿ. ಕೆಲವರ ಮನೆಯಲ್ಲಿ ಮೂಲ ಕಾಗದವೇ ಮಳೆನೀರಿಗೆ ಸಿಕ್ಕಿ ಮುದ್ದೆಯಾಗಿದೆ. ಸುದ್ದಿ ಕೇಳಿ ಕೋಲೂರಿಕೊಂಡು ಬಂದ ಹಿರಿಯರೊಬ್ಬರು, “ತಮ್ಮಾ, ನನ್ನ ಹಾಜರಿ ಕಾರ್ಡು ಅದರಾಗ ಐತೋ ಇಲ್ಲೋ?” ಎಂದು ಕೇಳಿದಾಗ ನಮ್ಮ ಬಾಯಿ ಕಟ್ಟಿತು. ಮೂರು ವರ್ಷಗಳಿಂದ ನಾವು ಇನ್ನೊಂದು ನಕಲು ತೆಗೆದಿರಲಿಲ್ಲ. ಈ ತಪ್ಪು ನಮ್ಮದು. ಮೊದಲು ಅದನ್ನು ಒಪ್ಪಿಕೊಂಡು ಮುಂದಿನ ಮಾತನ್ನು ಹೇಳುತ್ತೇವೆ.

ಮೊದಲು ಹೋದ ಅಂಗಡಿಯಲ್ಲಿ ಎರಡು ನಿಮಿಷ ನೋಡಿ ತೀರ್ಪು ಕೊಟ್ಟರು: “ಮದರ್‌ಬೋರ್ಡು ಹೋಗಿದೆ, ಒಳಗಿನ ಫೈಲುಗಳೂ ಹೋಗಿವೆ, ಹೊಸದು ಕೊಳ್ಳಿ.” ಫೈಲು ಬೇಕಾದರೆ ಅದಕ್ಕೆ ಬೇರೆ ಹಣವಂತೆ. ಎರಡನೆಯ ಅಂಗಡಿಯವರು ಬಿಸಿಗಾಳಿ ಹಾಯಿಸಿ ಸರಿಮಾಡುತ್ತೇವೆಂದರು. ಹಣ ಕೊಟ್ಟೆವು. ಯಂತ್ರ ಮೂರು ವಾರ ಓಡಿತು, ಪುನಃ ಅದೇ ಗೆರೆಗಳು ಬಂದವು. ಆಗ ಕಾರ್ಯಕಾರಿ ಸಮಿತಿಯಲ್ಲಿ ಮಾತು ಎದ್ದಿತು. ಕಾಯಿಲೆ-ಕಸಾಲೆಗೆಂದು ಇಟ್ಟ ಆಪತ್ ನಿಧಿಯಿಂದ ಹಣ ತೆಗೆದು ಹೊಸ ಲ್ಯಾಪ್‌ಟಾಪು ಕೊಳ್ಳೋಣವೆಂದು ಅರ್ಧದಷ್ಟು ಜನ ಹೇಳಿದರು. ನಮ್ಮ ಅಭಿಪ್ರಾಯ ಅಂದೂ ಬೇರೆಯಾಗಿತ್ತು, ಇಂದೂ ಬೇರೆಯಾಗಿದೆ. ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದನ್ನು ತಿಳಿಯದೆ ಬಡವರ ನಿಧಿಗೆ ಕೈಹಾಕಲಾಗದು. ತಿಳಿಯದವನಿಂದ ಹಣ ಕೀಳುವುದು ಸುಲಭ. ಇದು ಗಲ್ಲೆಯ ಲೆಕ್ಕಕ್ಕೂ ನಿಜ, ಯಂತ್ರಕ್ಕೂ ನಿಜ.

ಹಾಗಾದರೆ ಕೆಟ್ಟದ್ದು ಏನು? ಪರದೆಯ ಮೇಲೆ ಕಾಣುವ ಅಕ್ಷರ, ಚಿತ್ರಗಳನ್ನು ಸಿದ್ಧಪಡಿಸಿ ಕಳಿಸುವ ಒಂದು ಚಿಪ್ ಇದೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಇದು ಬಿಡಿ ಹಲಗೆಯಾಗಿರುವುದರಿಂದ ಕಿತ್ತು ಬೇರೆಯದನ್ನು ಹಾಕಬಹುದು. ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಇದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆದುದರಿಂದಲೇ ಅಂಗಡಿಯವರು ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡಿನ ಬೆಲೆ ಹೇಳುತ್ತಾರೆ.

ಅದು ಕೆಡುವ ಕಾರಣವನ್ನು ಹೋಟೆಲಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಬಿರಿಯುತ್ತದೆ. ಒಂದು ಪದರ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ನಡುವೆ ಬಿರುಕು ಬೀಳುತ್ತದೆ. ಚಿಪ್ಪಿನಲ್ಲಿ ಆಗುವುದೂ ಇಂಥದೇ, ಆದರೆ ನಿಧಾನವಾಗಿ. ಸುಮ್ಮನಿರುವಾಗ 40-50 ಡಿಗ್ರಿ ಸೆಲ್ಸಿಯಸ್ ಇರುವ ಈ ಚಿಪ್ ಭಾರದ ಕೆಲಸ ಬಿದ್ದಾಗ 80-90 ಡಿಗ್ರಿಗೆ ಏರುತ್ತದೆ. ಸಿಲಿಕಾನಿನ ಚಿಪ್ ಒಂದು ಪ್ರಮಾಣದಲ್ಲಿ ಹಿಗ್ಗಿದರೆ ಅದರ ಕೆಳಗಿನ ಹಲಗೆ ಇನ್ನೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಎರಡನ್ನೂ ಹಿಡಿದಿರುವುದು ಕೂದಲೆಳೆಯ ದಪ್ಪದ ಬೆಸುಗೆ ಗುಳ್ಳೆಗಳು. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಒಂದು ದಿನ ಆ ಗುಳ್ಳೆ ಬಿರುಕು ಬಿಡುತ್ತದೆ. ಬಿಸಿಗಾಳಿ ಹಾಯಿಸಿದರೆ ಬಿರುಕು ಸ್ವಲ್ಪ ಕಾಲ ಕೂಡಿಕೊಳ್ಳುತ್ತದೆ, ಆದರೆ ಗುಳ್ಳೆ ಹೊಸದಾಗುವುದಿಲ್ಲ. ನಮಗೆ ಮೂರು ವಾರ ಸಿಕ್ಕಿದ್ದು ಇದೇ ಕಾರಣದಿಂದ.

ಇದರಲ್ಲಿ ಬಳಸುವವರ ಪಾಲೂ ಇದೆ. ನಮ್ಮ ಯಂತ್ರವನ್ನು ನಾವು ಮಡಿಸಿದ ಚಾದರದ ಮೇಲೆ ಇಟ್ಟು ಬಳಸುತ್ತಿದ್ದೆವು. ಗಾಳಿ ಎಳೆಯುವ ಕಿಂಡಿ ಕೆಳಗಿತ್ತು, ಅದನ್ನು ಚಾದರ ಮುಚ್ಚಿತ್ತು. ಬಿಚ್ಚಿ ನೋಡಿದಾಗ ಫ್ಯಾನಿನ ಬಾಯಲ್ಲಿ ಗಿರಣಿಯ ಹತ್ತಿಯಂತೆ ಧೂಳಿನ ಪದರವೇ ಕೂತಿತ್ತು. ಚಿಪ್ಪಿನ ಕಾವನ್ನು ತಾಮ್ರದ ಕೊಳವೆಗೆ ದಾಟಿಸುವ ಪೇಸ್ಟು ಒಣಗಿ ಪುಡಿಯಾಗಿತ್ತು. ದೋಸೆಯ ಕಲ್ಲನ್ನು ದಿನವೂ ಉಜ್ಜುವ ನಾವು ಈ ಯಂತ್ರವನ್ನು ಇಷ್ಟು ವರ್ಷ ಒಮ್ಮೆಯೂ ಬಿಚ್ಚಿ ಒರೆಸಿರಲಿಲ್ಲ.

ಆದರೆ ಎಲ್ಲ ತಪ್ಪನ್ನೂ ಬಳಸುವವನ ತಲೆಗೆ ಕಟ್ಟುವುದು ನ್ಯಾಯವಲ್ಲ. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಕಟ್ಟಡದ ಸಾಮಗ್ರಿ ದುರ್ಬಲವಾಗಿದೆಯೆಂದು ಹೇಳಿ, ರಿಪೇರಿ ಮತ್ತು ಬದಲಾವಣೆಯ ಖರ್ಚಿಗಾಗಿ 15 ಕೋಟಿಯಿಂದ 20 ಕೋಟಿ ಡಾಲರುಗಳನ್ನು ತೆಗೆದಿಡುವುದಾಗಿ ಪ್ರಕಟಿಸಿತು. ಆ ಚಿಪ್‌ಗಳಿದ್ದ ಡೆಲ್, ಎಚ್‌ಪಿ, ಆ್ಯಪಲ್ ಯಂತ್ರಗಳ ಕೆಲವು ಮಾದರಿಗಳನ್ನು ಕೊಂಡವರು ಅಮೆರಿಕದಲ್ಲಿ ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು, 2010ರಲ್ಲಿ ರಾಜಿಯಾಯಿತು. 2011ರ ಕೆಲವು ಮ್ಯಾಕ್‌ಬುಕ್ ಪ್ರೋ ಯಂತ್ರಗಳಲ್ಲಿಯೂ ಇದೇ ಬಗೆಯ ಗೆರೆಗಳು, ಇದೇ ಕಪ್ಪು ಪರದೆ ಕಂಡುಬಂದವು. ಕೊಂಡವರು 2014ರಲ್ಲಿ ಒಟ್ಟಾಗಿ ದಾವೆ ಹೂಡಿದರು. 2015ರ ಫೆಬ್ರವರಿಯಲ್ಲಿ ಕಂಪನಿಯು ಉಚಿತ ರಿಪೇರಿಯ ಯೋಜನೆಯನ್ನು ಸಾರಿತು. ಒಬ್ಬೊಬ್ಬರೇ ಅಂಗಡಿಗೆ ಹೋದಾಗ “ವಾರಂಟಿ ಮುಗಿದಿದೆ” ಎಂಬ ಉತ್ತರ. ಜೊತೆಗೂಡಿ ಕೇಳಿದಾಗ ಉತ್ತರವೇ ಬೇರೆ. ಸಂಘ ಕಟ್ಟಿದ ನಮಗೆ ಇದು ಹೊಸ ಪಾಠವಲ್ಲ. ನಮ್ಮ ಯಂತ್ರ ಆ ಮಾದರಿಗಳದ್ದಲ್ಲ, ಅದರ ವಾರಂಟಿ ಎಂದೋ ತೀರಿದೆ. ಆದರೂ ಈ ಕಥೆ ತಿಳಿದಿದ್ದರೆ ಯಾರೂ ಬಂದು “ನೀವೇ ಕೆಡಿಸಿದಿರಿ” ಎಂದು ಸುಲಭವಾಗಿ ಹೇಳಲಾರರು.

ಈಗ ನಮ್ಮ ಯಂತ್ರಕ್ಕೆ ಏನಾಯಿತೆಂಬುದನ್ನು ಕೇಳಿ. ಲ್ಯಾಮಿಂಗ್ಟನ್ ರೋಡಿನ ಒಂದು ಓಣಿಯಲ್ಲಿ, ಮೆಟ್ಟಿಲ ಕೆಳಗೆ ಭೂತಗನ್ನಡಿಯ ದೀಪ ಹಾಕಿಕೊಂಡು ಕೂತ ಒಬ್ಬ ಹುಡುಗನ ಬಳಿಗೆ ಹೋದೆವು. ಅವನೂ ನಮ್ಮಂತೆಯೇ ಊರು ಬಿಟ್ಟು ದುಡಿಯಲು ಬಂದವನು. ಅವನು ಹೇಳಿದ ಮೊದಲ ಮಾತು: ಫೈಲುಗಳಿರುವುದು ಹಾರ್ಡ್‌ಡಿಸ್ಕಿನಲ್ಲಿ, ಗ್ರಾಫಿಕ್ಸ್ ಚಿಪ್ಪಿನಲ್ಲಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು, ಒಂದು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದ. ಸದಸ್ಯರ ಪಟ್ಟಿ, ಲೆಕ್ಕ, ಕಾಗದದ ನಕಲು ಎಲ್ಲವೂ ಇದ್ದ ಹಾಗೆಯೇ ಇದ್ದವು. “ಫೈಲು ಹೋಗಿವೆ” ಎಂದು ಹೆದರಿಸಿದವರ ಮಾತು ಶುದ್ಧ ಸುಳ್ಳಾಗಿತ್ತು.

ಆಮೇಲೆ ಅವನು ಪರೀಕ್ಷೆ ಮಾಡಿದ ಕ್ರಮವನ್ನು ನೀವೂ ನೆನಪಿಡಿ. ಲ್ಯಾಪ್‌ಟಾಪನ್ನು ತಂತಿಯಿಂದ ಬೇರೊಂದು ಪರದೆಗೆ ಅಥವಾ ಟಿವಿಗೆ ಜೋಡಿಸಬೇಕು. ಅಲ್ಲಿ ಚಿತ್ರ ಚೊಕ್ಕವಾಗಿ ಬಂದರೆ ಕೆಟ್ಟಿರುವುದು ಲ್ಯಾಪ್‌ಟಾಪಿನ ಪರದೆ ಇಲ್ಲವೆ ಅದರ ಕೇಬಲು. ಅದರ ಖರ್ಚು ಸಾಮಾನ್ಯವಾಗಿ ಕಡಿಮೆ. ಅಲ್ಲಿಯೂ ಅವೇ ಗೆರೆಗಳು ಬಂದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆಯೇ ಸಂಶಯ. ಗುಂಡಿ ಒತ್ತಿದೊಡನೆ, ವಿಂಡೋಸ್ ಬರುವುದಕ್ಕೂ ಮೊದಲೇ ಗೆರೆ ಕಂಡರೆ ಅದು ಸಾಫ್ಟ್‌ವೇರಿನ ದೋಷವಲ್ಲ. ಚಾಲು ಆದ ಮೇಲೆ ಮಾತ್ರ ಕೆಡುತ್ತಿದ್ದರೆ ಮೊದಲು ಡ್ರೈವರ್ ಎಂಬ ಸಾಫ್ಟ್‌ವೇರನ್ನು ತೆಗೆದು ಹೊಸದಾಗಿ ಹಾಕಿ ನೋಡಬೇಕು, ಅದಕ್ಕೆ ಕಾಸು ಖರ್ಚಿಲ್ಲ.

ನಮ್ಮ ಯಂತ್ರದಲ್ಲಿ ಕೆಟ್ಟದ್ದು ಚಿಪ್ಪೇ ಎಂದು ತೀರ್ಮಾನವಾಯಿತು. ಆಗ ಆ ಹುಡುಗ ಇನ್ನೊಂದು ಸಂಗತಿ ಹೇಳಿದ. ಅನೇಕ ಲ್ಯಾಪ್‌ಟಾಪುಗಳಲ್ಲಿ ಚಿತ್ರ ತೋರಿಸುವವರು ಇಬ್ಬರಿರುತ್ತಾರೆ. ಒಬ್ಬ ದೊಡ್ಡ ಕೆಲಸದ ಬೇರೆ ಚಿಪ್, ಇನ್ನೊಬ್ಬ ಮುಖ್ಯ ಪ್ರೊಸೆಸರಿನೊಳಗೇ ಇರುವ ಸಣ್ಣ ಗ್ರಾಫಿಕ್ಸ್. ಗಿರಣಿಯವರ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಕಾಯಂ, ಒಬ್ಬ ಬದಲಿ. ಕಾಯಂ ಹಾಸಿಗೆ ಹಿಡಿದಿದ್ದ, ಬದಲಿಯವನು ಗೇಟಿನಲ್ಲಿಯೇ ನಿಂತಿದ್ದ, ಅವನನ್ನು ಒಳಗೆ ಕರೆಯುವವರಿರಲಿಲ್ಲ. ಹುಡುಗ ಗೆರೆಗಳ ನಡುವೆಯೇ ಅಕ್ಷರ ಓದಿಕೊಂಡು, ಬಯೋಸ್ ಎಂಬ ಆರಂಭದ ಸೆಟ್ಟಿಂಗಿಗೆ ಹೋಗಿ ದೊಡ್ಡ ಚಿಪ್ಪನ್ನು ಬಂದ್ ಮಾಡಿದ. ಫ್ಯಾನು ತೊಳೆದ, ಹೊಸ ಪೇಸ್ಟು ಹಚ್ಚಿದ. ಇಂದಿಗೆ ಐದು ತಿಂಗಳಾಯಿತು. ಈ ಲೇಖನವನ್ನು ಅದೇ ಯಂತ್ರದ ಮೇಲೆ ಟೈಪು ಮಾಡಿದ್ದೇವೆ. ಅದರಲ್ಲಿ ಭಾರಿ ಆಟ, ವಿಡಿಯೋ ಕೆಲಸ ನಡೆಯಲಾರದು. ಲೆಕ್ಕ, ಪತ್ರ, ಪತ್ರಿಕೆ ನಡೆಯುತ್ತವೆ. ಸಂಘಕ್ಕೆ ಬೇಕಾದುದೂ ಅಷ್ಟೇ. ಹುಡುಗ ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಟ್ಟೆವು.

ಎಲ್ಲ ಯಂತ್ರದಲ್ಲಿಯೂ ಇದು ಸಾಧ್ಯವೆಂದು ನಾವು ಹೇಳುವುದಿಲ್ಲ. ಕೆಲವದರಲ್ಲಿ ಬದಲಿ ಗ್ರಾಫಿಕ್ಸೇ ಇರುವುದಿಲ್ಲ, ಕೆಲವದರ ಬಯೋಸಿನಲ್ಲಿ ಆ ಆಯ್ಕೆ ಇರುವುದಿಲ್ಲ. ಆಗ ಹೊಸ ಚಿಪ್ ಹಾಕಿಸುವ ಖರ್ಚನ್ನು, ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಯಂತ್ರದ ಬೆಲೆಯೊಡನೆ ತೂಗಿ ನೋಡಬೇಕು. ರಿಪೇರಿಯ ಖರ್ಚು ಆ ಬೆಲೆಯ ಅರ್ಧ ದಾಟಿದರೆ ಹಳೆಯದನ್ನು ಬಿಟ್ಟುಬಿಡುವುದೇ ಲೇಸು. ಹಟಕ್ಕಾಗಿ ರಿಪೇರಿ ಬೇಡ, ಹೆದರಿಕೆಯಿಂದ ಖರೀದಿಯೂ ಬೇಡ. ಇನ್ನು ಬೋರ್ಡನ್ನು ಓವನ್ನಿನಲ್ಲಿಟ್ಟು ಬೇಯಿಸಿದರೆ ಸರಿಹೋಗುತ್ತದೆಂದು ಕೆಲವರು ಹೇಳಿಕೊಡುತ್ತಾರೆ. ಹೋಟೆಲು ಬಂಧುಗಳು ದಯಮಾಡಿ ಈ ಸಾಹಸಕ್ಕೆ ಇಳಿಯಬೇಡಿ. ಜನರು ತಿನ್ನುವ ಅನ್ನ ಬೇಯುವ ಜಾಗದಲ್ಲಿ ಬೆಸುಗೆಯ, ಪ್ಲಾಸ್ಟಿಕ್ಕಿನ ವಿಷದ ಹೊಗೆ ಸಲ್ಲದು.

ಸರಕಾರದ ಕಡೆಯಿಂದಲೂ ಕೆಲವು ದಾರಿಗಳಿವೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯು 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದಿದೆ. ಮೋಸವಾದರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ಆದರೆ ಕೈಯಲ್ಲಿ ರಸೀತಿ ಇಲ್ಲದೆ ದೂರನ್ನು ಸಾಬೀತುಪಡಿಸುವುದು ಕಷ್ಟ. ನಾವು ಎರಡೂ ಅಂಗಡಿಗಳಲ್ಲಿ ರಸೀತಿ ಕೇಳಲಿಲ್ಲ. ಸಂಬಳದ ಚೀಟಿ ಕೇಳಿ ಪಡೆಯಿರೆಂದು ನಿಮಗೆ ಉಪದೇಶಿಸುವ ನಾವೇ ಹೀಗೆ ಮಾಡಿದೆವು.

ಆದುದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ನಾವು ಈ ಸಲಹೆಗಳನ್ನು ಇಡುತ್ತೇವೆ. ಒಂದು, ಸಂಘದ ಎಲ್ಲ ಫೈಲುಗಳ ನಕಲನ್ನು ಪ್ರತಿ ತಿಂಗಳ ಮೊದಲ ಭಾನುವಾರ ತೆಗೆದು, ಕಚೇರಿಯಲ್ಲಿ ಒಂದು, ಖಜಾಂಚಿಯವರ ಮನೆಯಲ್ಲಿ ಒಂದು ಇಡತಕ್ಕದ್ದು. ಎರಡು, ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಯಂತ್ರವನ್ನು ಬಿಚ್ಚಿ ಒರೆಸತಕ್ಕದ್ದು. ಮೂರು, ಇಬ್ಬರ ಅಭಿಪ್ರಾಯ ಕೇಳದೆ, ರಸೀತಿ ಪಡೆಯದೆ ಯಾವ ರಿಪೇರಿಗೂ ಸಂಘದ ಹಣ ಕೊಡತಕ್ಕದ್ದಲ್ಲ. ಯಂತ್ರವನ್ನು ಅಂಗಡಿಯಲ್ಲಿ ಬಿಡುವಾಗ ಡಿಸ್ಕನ್ನು ತೆಗೆದಿಟ್ಟುಕೊಳ್ಳತಕ್ಕದ್ದು, ಏಕೆಂದರೆ ಅದರಲ್ಲಿ ಸದಸ್ಯರ ಆಧಾರ್ ಪ್ರತಿಗಳಿವೆ. ನಾಲ್ಕು, ಲ್ಯಾಮಿಂಗ್ಟನ್ ರೋಡಿನ ಆ ಹುಡುಗನನ್ನು ಕೂಲಿ ಕೊಟ್ಟು ಕರೆಸಿ, ನಮ್ಮ ಮಕ್ಕಳಿಗೂ ಹೋಟೆಲು ಹುಡುಗರಿಗೂ ನಾಲ್ಕು ಭಾನುವಾರ ಈ ಕೆಲಸ ಕಲಿಸಿಕೊಡಲು ಕೇಳಿಕೊಳ್ಳತಕ್ಕದ್ದು. ಕಪ್ಪು-ಬಸಿ ತೊಳೆಯುವ ಕೈಗೆ ಸ್ಕ್ರೂ ಡ್ರೈವರ್ ಹಿಡಿಯಲು ಬಾರದೆಂದು ನಾವು ನಂಬುವುದಿಲ್ಲ. ಆಪತ್ ನಿಧಿ ಅದರ ಹೆಸರಿಗೆ ತಕ್ಕಂತೆ ಆಪತ್ತಿನಲ್ಲಿರುವ ಮನುಷ್ಯರಿಗೇ ಉಳಿಯಲಿ.

ಆ ಹಿರಿಯರನ್ನು ಮರುವಾರ ಕಚೇರಿಗೆ ಕರೆಸಿ ಅವರ ಹಾಜರಿ ಕಾರ್ಡನ್ನು ಪರದೆಯ ಮೇಲೆ ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಟಿಕೆಟ್ ನಂಬರನ್ನು ಎರಡು ಸಲ ಓದಿದರು, ಬಳಿಕ ಒಂದು ಪ್ರತಿ ಮುದ್ರಿಸಿಕೊಡಲು ಹೇಳಿದರು. ಕೊಟ್ಟೆವು. ಸಂಘದಲ್ಲಿ ಕಾಗದದ ನಕಲು ಇಟ್ಟಿರುವ ಉಳಿದ ಬಂಧುಗಳೂ ಯಾವುದೇ ದಿನ ಸಂಜೆ 7ರ ನಂತರ ಬಂದು ತಮ್ಮ ತಮ್ಮ ಪ್ರತಿಯನ್ನು ಒಯ್ಯಬೇಕಾಗಿ ವಿನಂತಿ. ಬರುವಾಗ ಮೂಲ ಕಾಗದ ಮನೆಯಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿಕೊಂಡು ಬನ್ನಿ.