ಕ್ರಿಯಾತಿಪತ್ತಿಯೂ ಇಂಗ್ಲಿಷ್ ಬೋಧನೆಯೂ

ಮಳೆಯನ್ನೇ ನಂಬಿ ಬದುಕುವ ಸೀಮೆಯಲ್ಲಿ 'ರೆ' ಎಂಬ ಪ್ರತ್ಯಯಕ್ಕಿರುವ ಬೆಲೆ ಬೇರಾವ ಪ್ರತ್ಯಯಕ್ಕೂ ಇರಲಾರದು. ಕಡೂರು ತಾಲ್ಲೂಕಿನ ಬಯಲುಸೀಮೆಯಲ್ಲಿ, ಯಗಟಿಯ ಸುತ್ತಣ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಮಗುವು ಅಕ್ಷರಾಭ್ಯಾಸಕ್ಕೆ ಮುನ್ನವೇ ಹಿರಿಯರ ಬಾಯಿಂದ ಮೂರು ಬಗೆಯ ಮಾತುಗಳನ್ನು ಕೇಳಿರುತ್ತದೆ. 'ಮಳೆ ಬಂದರೆ ಕೆರೆ ತುಂಬುತ್ತದೆ' ಎಂಬುದು ಆಸೆಯ ಮಾತು. 'ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು' ಎಂಬುದು ಕಳೆದುಹೋದುದನ್ನು ಕುರಿತ ಹಳಹಳಿಕೆ. 'ಹೋದ ವರ್ಷ ಮಳೆ ಬಂದಿದ್ದರೆ ಈಗ ಕೆರೆಯಲ್ಲಿ ನೀರಿರುತ್ತಿತ್ತು' ಎಂಬುದು ಅಂದಿನ ಕೊರತೆಯನ್ನು ಇಂದು ಉಣ್ಣುತ್ತಿರುವವರ ಮಾತು. ಈ ಮೂರನೆಯ ಬಗೆಯನ್ನೇ ಆಂಗ್ಲ ವ್ಯಾಕರಣದ ಪಾಠಪುಸ್ತಕಗಳು 'ಮಿಕ್ಸ್‌ಡ್ ಕಂಡಿಷನಲ್' ಎಂದು ಕರೆಯುತ್ತವೆ. ಕನ್ನಡದಲ್ಲಿ ಅದನ್ನು ಮಿಶ್ರ ಪಕ್ಷಾರ್ಥಕ ವಾಕ್ಯವೆನ್ನಬಹುದು.

ಮನೆಯಲ್ಲಿ ಇಷ್ಟನ್ನು ಕಲಿತು ಬಂದ ವಿದ್ಯಾರ್ಥಿಯೇ ಇಂಗ್ಲಿಷ್ ತರಗತಿಯಲ್ಲಿ ಅದೇ ವಾಕ್ಯದ ಮುಂದೆ ತಬ್ಬಿಬ್ಬಾಗಿ ನಿಲ್ಲುವುದು ಅನುಭವಸಿದ್ಧವಾದ ಸಂಗತಿ. ಇದಕ್ಕೆ ಕಾರಣ ಅವನ ಮಂದಬುದ್ಧಿಯಲ್ಲ, ಬೋಧನಾಕ್ರಮ. ಒಂದನೆಯ ಮಾದರಿ, ಎರಡನೆಯ ಮಾದರಿ, ಮೂರನೆಯ ಮಾದರಿ ಎಂದು ಸಂಖ್ಯೆ ಹಚ್ಚಿ ಕಂಠಪಾಠ ಮಾಡಿಸಿದ ಮೇಲೆ, ವಾಕ್ಯದ ಎರಡು ಖಂಡಗಳೂ ಒಂದೇ ಕಾಲಕ್ಕೆ ಸೇರಿರಬೇಕೆಂಬ ಭ್ರಮೆ ಅವನಲ್ಲಿ ಬೇರೂರುತ್ತದೆ. 'ಇಫ್ ಇಟ್ ಹ್ಯಾಡ್ ರೇನ್ಡ್' ಎಂದು ಸರಿಯಾಗಿಯೇ ಆರಂಭಿಸಿದವನು 'ದ ಟ್ಯಾಂಕ್ ವುಡ್ ಹ್ಯಾವ್ ಬೀನ್ ಫುಲ್ ನೌ' ಎಂದು ಮುಗಿಸುತ್ತಾನೆ. ಫಲವು ಇಂದಿನದಾದ್ದರಿಂದ 'ವುಡ್ ಬಿ ಫುಲ್ ನೌ' ಎನ್ನಬೇಕೆಂಬುದು ಅವನಿಗೆ ಹೊಳೆಯುವುದಿಲ್ಲ.

ಈ ತೊಡಕನ್ನು ಬಿಡಿಸುವ ಸಾಮಗ್ರಿ ಕನ್ನಡ ಪಂಡಿತನ ಕೈಯಲ್ಲಿಯೇ ಇದೆ. ನಡೆಯಬೇಕಾಗಿದ್ದ ಕ್ರಿಯೆಯು ನಡೆಯದೆ ತಪ್ಪಿಹೋಗುವುದನ್ನು ಸಂಸ್ಕೃತ ವೈಯಾಕರಣರು 'ಕ್ರಿಯಾತಿಪತ್ತಿ' ಎಂದರು. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ, ಮೂರನೆಯ ಪಾದದ 139ನೆಯ ಸೂತ್ರದಲ್ಲಿ ಪಾಣಿನಿಯು ಇದಕ್ಕೆ ಲೃಙ್ ಎಂಬ ಪ್ರತ್ಯೇಕ ಲಕಾರವನ್ನೇ ವಿಧಿಸಿ, 140ನೆಯದರಲ್ಲಿ ಅದನ್ನು ಭೂತಕಾಲಕ್ಕೂ ವಿಸ್ತರಿಸಿದ್ದಾನೆ. ಲೃಙ್ ರೂಪದಲ್ಲಿ ಭೂತಕಾಲದ ಗುರುತಾದ ಅಡಾಗಮವೂ ಭವಿಷ್ಯತ್ತಿನ ಗುರುತಾದ 'ಸ್ಯ' ವಿಕರಣವೂ ಒಂದಾಗಿ ಸೇರಿರುತ್ತವೆ. ಇಂಗ್ಲಿಷಿನ 'ವುಡ್' ಎಂಬುದೂ ಭವಿಷ್ಯತ್ತನ್ನು ಸೂಚಿಸುವ 'ವಿಲ್' ಎಂಬುದರ ಭೂತರೂಪವೇ ಆಗಿದೆಯೆಂಬುದನ್ನು ನೆನೆದರೆ, ದೂರದೂರದ ಎರಡು ಭಾಷೆಗಳು ಒಂದೇ ಯುಕ್ತಿಯನ್ನು ಹಿಡಿದಿರುವುದು ಸ್ಪಷ್ಟವಾಗುತ್ತದೆ.

ಕನ್ನಡದ ಸಾಮ್ಯವಂತೂ ಇನ್ನೂ ಹತ್ತಿರದ್ದು. 'ಹಿಂದೆ ಪ್ರತಿವರ್ಷವೂ ಕೆರೆ ತುಂಬುತ್ತಿತ್ತು' ಎಂಬಲ್ಲಿ 'ತುಂಬುತ್ತಿತ್ತು' ಎಂಬುದು ನಡೆದ ವಾಡಿಕೆಯನ್ನು ಹೇಳುತ್ತದೆ. 'ಮಳೆ ಬಂದಿದ್ದರೆ ತುಂಬುತ್ತಿತ್ತು' ಎಂಬಲ್ಲಿ ಅದೇ ರೂಪ ನಡೆಯದುದನ್ನು ಹೇಳುತ್ತದೆ. ಇಂಗ್ಲಿಷಿನ 'ವುಡ್' ಕೂಡ ಈ ಎರಡು ಕೆಲಸಗಳನ್ನೂ ಮಾಡುತ್ತದೆ. ಭೇದವಿರುವುದು ಒಂದೆಡೆ ಮಾತ್ರ. ಕನ್ನಡದ 'ತ್ತಿತ್ತು' ರೂಪವು ಅಂದಿನ ಫಲಕ್ಕೂ ಇಂದಿನ ಫಲಕ್ಕೂ ಸಲ್ಲುತ್ತದೆ; ಕಾಲವನ್ನು 'ಆಗ', 'ಈಗ' ಎಂಬ ಅವ್ಯಯಗಳೋ ಸಂದರ್ಭವೋ ತಿಳಿಸಿಕೊಡುತ್ತವೆ. ಇಂಗ್ಲಿಷಿನಲ್ಲಾದರೋ ಕ್ರಿಯಾಪದವೇ ಬದಲಾಗಬೇಕು: 'ಆಗ' ಎಂದಾದರೆ 'ವುಡ್ ಹ್ಯಾವ್', 'ಈಗ' ಎಂದಾದರೆ ಬರಿಯ 'ವುಡ್'. ಆದುದರಿಂದ ವಿದ್ಯಾರ್ಥಿಯು ಮಾದರಿಯ ಸಂಖ್ಯೆಯನ್ನು ನೆನೆಯುವ ಬದಲು ತನ್ನ ಕನ್ನಡ ವಾಕ್ಯಕ್ಕೆ ಎರಡು ಪ್ರಶ್ನೆಗಳನ್ನು ಹಾಕಿದರೆ ಸಾಕು: ತಪ್ಪಿದ ನಿಮಿತ್ತ ಎಂದಿನದು? ತಪ್ಪಿದ ಫಲ ಎಂದಿನದು? 'ಅವನು ಧೈರ್ಯಶಾಲಿಯಾಗಿದ್ದರೆ ನಿನ್ನೆಯ ಸಭೆಯಲ್ಲಿ ಮಾತನಾಡುತ್ತಿದ್ದ' ಎಂಬಲ್ಲಿ ನಿಮಿತ್ತವು ಸ್ವಭಾವ, ಅದು ಇಂದಿಗೂ ಇರುವಂಥದು, ಫಲವು ನಿನ್ನೆಯದು. ಆದ್ದರಿಂದ 'ಇಫ್ ಹಿ ವರ್ ಬೋಲ್ಡ್, ಹಿ ವುಡ್ ಹ್ಯಾವ್ ಸ್ಪೋಕನ್' ಎಂದಾಗುತ್ತದೆ. ಮಿಶ್ರ ವಾಕ್ಯದ ಈ ಇನ್ನೊಂದು ಮುಖವೂ ಅವೇ ಎರಡು ಪ್ರಶ್ನೆಗಳಿಂದ ತೆರೆದುಕೊಳ್ಳುತ್ತದೆ.

ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕೆಂಬ ವಾದವೊಂದುಂಟು. ಎಳೆಯ ಮಕ್ಕಳ ಸಂಭಾಷಣೆಯ ಪಾಠಕ್ಕೆ ಅದು ಒಪ್ಪುತ್ತದೆ. ಪ್ರತಿಯೊಂದು ವಾಕ್ಯವನ್ನೂ ಅನುವಾದಿಸಿಯೇ ಆಡುವ ಚಾಳಿ ಅಂಟಿಕೊಂಡರೆ ನಾಲಗೆ ತಡವರಿಸುವುದೂ ನಿಜ. ಆದರೆ ಅರ್ಥಸೂಕ್ಷ್ಮವನ್ನು ತಿಳಿಯುವಾಗ ಬಲ್ಲ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸುವುದು ವಿವೇಕವಲ್ಲ. 1604ರಲ್ಲಿ ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. 1903ರಲ್ಲಿ ಕಿಟ್ಟೆಲ್ ಮಹಾಶಯರು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ನಿರೂಪಿಸಿದರು. ಒಂದು ಭಾಷೆಯ ದೀಪದಿಂದ ಮತ್ತೊಂದನ್ನು ಬೆಳಗಿಸುವ ಪರಂಪರೆ ಹೀಗಿರುವಾಗ, ಕನ್ನಡದ ಬೆಳಕಿನಲ್ಲಿ ಇಂಗ್ಲಿಷನ್ನು ಕಾಣಿಸುವುದಕ್ಕೆ ಸಂಕೋಚವೇಕೆ?

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಹಳ್ಳಿಯ ಹುಡುಗನೊಬ್ಬನು ಸಂದರ್ಶನದ ಮೇಜಿನ ಮುಂದೆ ಮಾತು ತಪ್ಪಿ ನಿಂತಾಗ, ತನ್ನಲ್ಲಿ ವಿಚಾರವೇ ಇಲ್ಲವೆಂದು ತಾನೇ ನಂಬಿಬಿಡುತ್ತಾನೆ. ವಾಸ್ತವವಾಗಿ ಆ ವಿಚಾರವು ಅವನ ತಾಯಿಯ ಮಾತಿನಲ್ಲಿ ಪರಿಪೂರ್ಣವಾಗಿಯೇ ಇತ್ತು. ಅದನ್ನು ದಾಟಿಸುವ ಸೇತುವೆಯನ್ನು ಶಾಲೆ ಕಟ್ಟಿಕೊಡಲಿಲ್ಲ. ತನ್ನ ಭಾಷೆಯನ್ನು ಕೀಳೆಂದು ಎಣಿಸಿದವನು ಪರಭಾಷೆಯನ್ನೂ ಧೈರ್ಯದಿಂದ ಆಡಲಾರ. ಆದುದರಿಂದ ಪ್ರೌಢಶಾಲೆಗಳಲ್ಲಿ ಕನ್ನಡ ಪಂಡಿತರೂ ಇಂಗ್ಲಿಷ್ ಉಪಾಧ್ಯಾಯರೂ ತಿಂಗಳಿಗೊಮ್ಮೆಯಾದರೂ ಜೊತೆಗೆ ಕುಳಿತು, ಎರಡು ವ್ಯಾಕರಣಗಳ ಸಾಮ್ಯಭೇದಗಳನ್ನು ಗುರುತಿಸಿ ಪಾಠ ಸಿದ್ಧಪಡಿಸುವುದು ಅತ್ಯಗತ್ಯ. ಇದಕ್ಕೆ ಹೊಸ ಕಟ್ಟಡವಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಪಂಡಿತರು ಇಂಗ್ಲಿಷಿನ ಭಯವನ್ನೂ ಇಂಗ್ಲಿಷ್ ಉಪಾಧ್ಯಾಯರು ಕನ್ನಡದ ಅಸಡ್ಡೆಯನ್ನೂ ಬಿಟ್ಟರೆ ಸಾಕು.

ಕೊನೆಯದಾಗಿ, ಶಾಲೆಯ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿದ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಮಿಶ್ರ ವಾಕ್ಯದ ಉದಾಹರಣೆಯನ್ನು ಹೊರಗೆ ಹುಡುಕುವ ಶ್ರಮವಿಲ್ಲ. 'ಅಂದು ಹಿರಿಯರು ಒಂದೊಂದು ಹಿಡಿ ಧಾನ್ಯ ಕೊಟ್ಟಿರದಿದ್ದರೆ ಇಂದು ಈ ಮಕ್ಕಳು ಓದುತ್ತಿರಲಿಲ್ಲ' ಎಂಬ ಮಾತೇ ಅದು. ನಿಮಿತ್ತ ಅಂದಿನದು, ಫಲ ಇಂದಿನದು. ಇಂದು ಮಾಡದೆ ಬಿಟ್ಟುದು ಮುಂದಿನವರ ಬಾಯಲ್ಲಿ 'ಮಾಡಿದ್ದರೆ' ಎಂಬ ಹಳಹಳಿಕೆಯಾಗದಂತೆ ನೋಡಿಕೊಳ್ಳುವ ಹೊಣೆ ಉಪಾಧ್ಯಾಯವರ್ಗದ ಮೇಲಿದೆ.