ಐದು ನಿಮಿಷದ ಚಾರ್ಟು, ಆರು ತಿಂಗಳ ತೊಗರಿ

ಡಾಲರ್-ರೂಪಾಯಿ ವ್ಯಾಪಾರಕ್ಕೆ ಐದು ನಿಮಿಷದ ಚಾರ್ಟು ಒಳ್ಳೆಯದೋ, ಹದಿನೈದು ನಿಮಿಷದ್ದೋ ಎಂಬ ವಾದ ನಮ್ಮ ಕ್ಯಾಂಟೀನಿಗೂ ಬಂದಿದೆ. ಅವಧಿ ಚಿಕ್ಕದಾದಷ್ಟೂ ಅರ್ಥವಿಲ್ಲದ ಏರಿಳಿತವೇ ಹೆಚ್ಚು ಕಾಣುತ್ತದೆ. ಕೊಡು-ಕೊಳ್ಳುವುದು ಹೆಚ್ಚುತ್ತದೆ, ಪ್ರತಿ ಸಲವೂ ಶುಲ್ಕ ಬೀಳುತ್ತದೆ. ರೂಪಾಯಿಯನ್ನು ಅಲುಗಿಸುವ ಕಚ್ಚಾ ತೈಲದ ದರ, ಆಮದು-ರಫ್ತು ತಿಂಗಳುಗಳ ಚಾರ್ಟಿನಲ್ಲಿ ಹೆಚ್ಚು ಚೆನ್ನಾಗಿ ತಿಳಿಯುತ್ತವೆ.

ಷೇರು ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ 2024ರ ಮಾರ್ಚ್‌ವರೆಗಿನ ಮೂರು ವರ್ಷಗಳಲ್ಲಿ ಸಾಮಾನ್ಯ ಹೂಡಿಕೆದಾರರ ಪೈಕಿ ನೂರಕ್ಕೆ 93 ಮಂದಿ ನಷ್ಟಪಟ್ಟರೆಂದು ಸೆಬಿ ಹೇಳಿದೆ. ಅನುಮತಿಯಿಲ್ಲದ ವಿದೇಶಿ ವಿನಿಮಯ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲೇ ಹೊರಡಿಸಿದೆ.

ಸೇಡಂ, ಚಿಂಚೋಳಿಯ ರೈತರು ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ಆರು ತಿಂಗಳು ಕಾಯುತ್ತಾರೆ. ಹದಿನೆಂಟು ತುಂಬದ ನಾವು ಚಾರ್ಟು ಓದಲು ಕಲಿಯೋಣ; ಮನೆಯವರು ಫೀಸಿಗೆ ಕೊಟ್ಟ ಹಣವನ್ನು ಅದರಲ್ಲಿ ಹಾಕುವುದು ಬೇಡ.